ಹತ್ತಿಯ ನಡುವೆ ಕೂತ ಹೆಂಗಸು

ಬೆಟಗೇರಿಯ ಪಿಂಜಾರ ಫಕ್ರುಸಾಬ ಹತ್ತಿ ಹಿಂಜುವಾಗ ಯಾವಾಗಲೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಬಿಲ್ಲಿನ ತಂತಿಗೆ ಮರದ ಗುಂಡಿನಿಂದ ಹೊಡೆದರೆ ಹತ್ತಿ ಸಿಡಿದು ಹಾರುತ್ತದೆ. ಎದುರಿಗೆ ಗೋಡೆಯಿದ್ದರೆ ಅದರ ಬುಡದಲ್ಲೇ ಬಿದ್ದು ರಾಶಿಯಾಗುತ್ತದೆ. ಅವನ ಅಪ್ಪನೂ ಹಾಗೇ ಕೂರುತ್ತಿದ್ದ. ಹೆಂಡತಿ ಮೋತಿಬಿ ಅವನ ಬೆನ್ನ ಹಿಂದೆ ಕೂತು ಹಳೆಯ ಗಾದಿಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಕೈಯಿಂದ ಬಿಡಿಸಿ ಅವನತ್ತ ನೂಕುತ್ತಿದ್ದಳು. ಹಿಂಜಿದ ಹತ್ತಿಯನ್ನು ತುಂಬುವುದು, ಉದ್ದ ಸೂಜಿಯಿಂದ ಹೊಲಿಯುವುದು ಕೂಡ ಅವಳದೇ ಕೆಲಸ. ಮದುವೆಯಾದ ಇಪ್ಪತ್ತನಾಲ್ಕು ವರ್ಷ ಹೀಗೇ ನಡೆದಿತ್ತು. ಒಬ್ಬಳೇ ಮಗಳು ಅಲ್ಮಾಸಬಿಯನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಮನೆಯಲ್ಲಿ ಇವರಿಬ್ಬರೇ.

೧೯೭೪ರ ಫೆಬ್ರವರಿಯಲ್ಲಿ ಮಿಶನ್ ದವಾಖಾನೆಯ ನರ್ಸ್ ಊರ್ಸುಲಾ ಇವರಿಗೆ ಹೇಳಿ ಕಳಿಸಿದಳು. ಜರ್ಮನಿಯಿಂದ ಬಂದು ಹತ್ತೊಂಬತ್ತು ವರ್ಷವಾಗಿದ್ದ ಅವಳು ಬೆಟಗೇರಿಯವರ ಹಾಗೆಯೇ ಕನ್ನಡ ಮಾತಾಡುತ್ತಿದ್ದಳು. ಊರವರಿಗೆ ಅವಳು ಸಿಸ್ಟರಬಾಯಿ. ಅವಳ ಚಿಕ್ಕಮ್ಮ ಹೆರ್ತಾ ತಮ್ಮ ಕಡೆಯ ಚಳಿ ತಾಳಲಾರದೆ ನಾಲ್ಕು ತಿಂಗಳಿಗೆಂದು ಬಂದಿದ್ದಳು. ಎಪ್ಪತ್ತೇಳು ವರ್ಷದ ಮುದುಕಿ. ಮಿಶನ್ ಬಂಗಲೆಯ ಗಾದಿಗಳು ಕಲ್ಲಿನಂತಾಗಿ ಅವಳಿಗೆ ಬೆನ್ನು ನೋವು ಹತ್ತಿತ್ತು. ಐದು ಗಾದಿ ಬಿಚ್ಚಿ ಹಿಂಜಿ ಮತ್ತೆ ತುಂಬಬೇಕು, ಮೂರು ದಿನದ ಕೆಲಸ. ಗಂಡ ಹೆಂಡತಿ ಬಿಲ್ಲು ಹೊತ್ತುಕೊಂಡು ಹೋಗಿ ಬಂಗಲೆಯ ಪಡಸಾಲೆಯಲ್ಲಿ ಕೂತರು.

ಹೆರ್ತಾ ಚಿತ್ರ ಬರೆಯುವವಳು. ಪ್ರಾಯದಲ್ಲಿ ಅವಳು, ಕಣ್ಣಿಗೆ ಕಂಡ ಬಣ್ಣ ಬಿಟ್ಟು ಮನಸ್ಸಿಗೆ ತಟ್ಟಿದ ಬಣ್ಣ ಹಚ್ಚುವ ಚಿತ್ರಕಾರರ ಜೊತೆಗಿದ್ದಳಂತೆ. ಮುಂದೆ ಅವರ ದೇಶದಲ್ಲಿ ಬಂದ ಸರ್ಕಾರ ಅಂಥ ಚಿತ್ರಗಳನ್ನು ಹುಚ್ಚರ ಕೆಲಸವೆಂದು ಗೋಡೆಗಳಿಂದ ಇಳಿಸಿತು, ಕೆಲವನ್ನು ಸುಟ್ಟಿತು. ಅವಳ ದೊಡ್ಡ ಚಿತ್ರಗಳೆಲ್ಲ ಹಾಗೆ ಹೋದವು. ಅಲ್ಲಿಂದ ಮುಂದೆ ಅವಳು ಪುಸ್ತಕದ ಹಾಳೆಯಷ್ಟು ಕಾಗದದ ಮೇಲೆ ನೀರಿನ ಬಣ್ಣದಲ್ಲಿ ಮಾತ್ರ ಬರೆದಳು. ಬಟ್ಟೆ ಒಗೆಯುವವರು, ಬಟಾಟೆ ಸುಲಿಯುವವರು, ರೊಟ್ಟಿ ಅಂಗಡಿಯ ಮುಂದೆ ಪಾಳಿ ಹಚ್ಚಿದವರು, ಹೀಗೆ ದಿನದ ಬದುಕು. ಇದನ್ನೆಲ್ಲ ಊರ್ಸುಲಾ ಇವರಿಗೆ ಚಹಾ ಕೊಡುತ್ತ ಹೇಳಿದಳು. ಫಕ್ರುಸಾಬನಿಗೆ ಅದರಲ್ಲಿ ತಿಳಿದದ್ದು ಸುಟ್ಟರೆಂಬುದೊಂದೇ. ಒಬ್ಬಳು ಹೆಂಗಸು ಬರೆದದ್ದನ್ನು ಸರ್ಕಾರ ಯಾಕೆ ಸುಡಬೇಕು ಎಂದು ಅವನು ಕೇಳಿದ.

ಮೊದಲ ದಿನವೇ ಮುದುಕಿ ಪಡಸಾಲೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಬಣ್ಣದ ಡಬ್ಬಿ ತೆರೆಯಲಿಲ್ಲ, ಸುಮ್ಮನೆ ನೋಡಿದಳು. ಎರಡನೆಯ ದಿನವೂ ನೋಡಿದಳು. ಮೋತಿಬಿ ಮೊದಲು ಸೆರಗು ಎಳೆದುಕೊಂಡಳು, ಆಮೇಲೆ ಮರೆತಳು. ಗಾದಿಯ ಹತ್ತಿಯಲ್ಲಿ ಹತ್ತು ವರ್ಷದ ಧೂಳಿತ್ತು. ಅವಳು ಬಿಡಿಸುತ್ತ, ಆಗಾಗ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತ, ಕೆಮ್ಮು ನಿಂತ ಮೇಲೆ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂರುತ್ತಿದ್ದಳು. ಮತ್ತೆ ಕೈ ಕೆಲಸಕ್ಕೆ ಹೋಗುತ್ತಿತ್ತು. ಫಕ್ರುಸಾಬನ ಕಿವಿಯಲ್ಲಿ ತಂತಿಯ ಸದ್ದು ತುಂಬಿತ್ತು.

ಮೂರನೆಯ ದಿನ ಮಧ್ಯಾಹ್ನ ಮುದುಕಿ ಡಬ್ಬಿ ತೆರೆದಳು. ಒಂದು ಗಂಟೆಯೂ ಹಿಡಿಯಲಿಲ್ಲ. ಇವರು ಕೊನೆಯ ಗಾದಿ ಹೊಲಿದು ಮುಗಿಸಿ ಸೂಜಿ ಒರೆಸುವಾಗ ಊರ್ಸುಲಾ ಆ ಕಾಗದವನ್ನು ತಂದು ಇಬ್ಬರ ಮುಂದೆ ಹಿಡಿದಳು.

ಬಿಲ್ಲು ಕಾಗದದ ಮೇಲೆ ಕಪ್ಪು ಮರದ ಹಾಗೆ ಬಾಗಿತ್ತು. ಅದರಾಚೆಗೆ ಫಕ್ರುಸಾಬ, ಬರೀ ಒಂದು ಕಂದು ಬೆನ್ನು. ನಡುವೆ ಹತ್ತಿ, ಅದೂ ಬಿಳಿ ಅಲ್ಲ, ಮಳೆಗಾಲದ ಮೋಡದ ಹಾಗೆ ನೀಲಿ. ಆ ಹತ್ತಿಯಲ್ಲಿ ಸೊಂಟದವರೆಗೆ ಮುಳುಗಿ ಮೋತಿಬಿ ಕೂತಿದ್ದಳು. ಕೈಗಳು ಮುಖಕ್ಕಿಂತ ದೊಡ್ಡವು. ಬಾಯಿ ಅರೆ ತೆರೆದಿತ್ತು, ಒಂದು ಕೈ ಎದೆಯ ಮೇಲೆ. ಮುಖ ಹಸಿರಾಗಿತ್ತು. ಎಲೆಯ ಹಸಿರಲ್ಲ, ಹಳೆಯ ತಾಮ್ರದ ಬಿಂದಿಗೆಗೆ ಹಿಡಿಯುವ ಹಸಿರು.

ಫಕ್ರುಸಾಬನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಮೋತಿಬಿ ಮಾತ್ರ ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನಾನ ಅದೀನಿ ಇದು,” ಎಂದಳು. “ಖರೇ ಬರದಾಳ.”

ಮುದುಕಿ ಏನೋ ಹೇಳಿದಳು. ಊರ್ಸುಲಾ ಮೋತಿಬಿಯ ಪಕ್ಕ ಮೊಣಕಾಲೂರಿ ಕೂತು ಅದನ್ನು ಕನ್ನಡದಲ್ಲಿ ಹೇಳಿದಳು: “ನಿನಗ ಉಸಿರಾಡಾಕ ತ್ರಾಸ ಆಗತೈತೇನು ಅಂತ ಕೇಳಾಕತ್ತಾಳ ನಮ್ಮ ಚಿಗವ್ವ. ಮೂರ ದಿನ ನೋಡ್ಯಾಳಂತ. ಸೋಮವಾರ ದವಾಖಾನಿಗಿ ಬಾ, ಡಾಕ್ಟರಿಗಿ ತೋರಸೂಣು.”

ಮೋತಿಬಿ ಗಂಡನ ಕಡೆ ನೋಡಿದಳು. ಅವನು ಬಿಲ್ಲನ್ನು ಹಗ್ಗದಿಂದ ಬಿಗಿಯುತ್ತಿದ್ದ. “ಪಿಂಜಾರರ ಮನ್ಯಾಗ ಕೆಮ್ಮಿಲ್ಲದವರು ಯಾರದಾರ್ರಿ ಬಾಯಾರ?” ಎಂದ. “ನಮ್ಮಪ್ಪ ಕೆಮ್ಮಕೋತನ ಎಪ್ಪತ್ತ ವರ್ಷ ಬಾಳಿದ.”

ಮೋತಿಬಿ ತನಗೆ ಏನೂ ಆಗಿಲ್ಲವೆಂದಳು. ಚಿತ್ರವನ್ನು ನೀವೇ ಇಟ್ಟುಕೊಳ್ಳಿ ಎಂದು ಮುದುಕಿ ಎರಡೆರಡು ಸಲ ಹೇಳಿಸಿದಳು. ಫಕ್ರುಸಾಬ ಒಪ್ಪಲಿಲ್ಲ. ನಮ್ಮ ಮಂದಿ ಮನೆಯಲ್ಲಿ ಮನುಷ್ಯರ ಚಿತ್ರ ತೂಗು ಹಾಕುವುದಿಲ್ಲ ಎಂದು ಕಾರಣ ಕೊಟ್ಟ. ಅದು ಸುಳ್ಳಲ್ಲ, ಆದರೆ ಅದೇ ಕಾರಣವೂ ಅಲ್ಲ. ಆ ಹಸಿರು ಮುಖ ಗೋಡೆಯ ಮೇಲಿದ್ದರೆ ಬಂದವರೆಲ್ಲ, ಇವನು ಹೆಂಡತಿಯನ್ನು ಉಪವಾಸ ಕೆಡವಿದ್ದಾನೇನೋ ಎಂದುಕೊಳ್ಳುತ್ತಾರೆ ಎಂಬ ನಾಚಿಕೆ. ಮೋತಿಬಿ ಕಾಗದವನ್ನು ಮುದುಕಿಯ ಕೈಗೆ ಹಿಂದಿರುಗಿಸಿದಳು. ಮುದುಕಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಸೋಮವಾರ ಲಕ್ಷ್ಮೇಶ್ವರದ ಒಂದು ಮದುವೆ ಮನೆಯಿಂದ ಕರೆ ಬಂತು. ಹನ್ನೆರಡು ಗಾದಿ, ಇಪ್ಪತ್ತು ತಲೆದಿಂಬು, ಎಂಟು ದಿನದೊಳಗೆ ಆಗಬೇಕು. ಇಬ್ಬರೂ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತ ಮೋತಿಬಿ ಮುಳಗುಂದ ದಾಟುವ ತನಕ ಹೊಲಗಳನ್ನು ನೋಡಿದಳು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದಳು: “ನನ್ನ ಯಾರರ ಮೂರ ದಿನ ಕುಂತ ನೋಡಿದ್ದು ಇದ ಮೊದಲ್ರಿ.”

ಕೆಲಸವಿಲ್ಲದ ಮುದುಕಿ, ಇನ್ನೇನು ಮಾಡಬೇಕು ಎಂದು ಫಕ್ರುಸಾಬ ನಕ್ಕ. ಮೋತಿಬಿಯೂ ಸಣ್ಣಗೆ ನಕ್ಕಳು. ಆ ಮಾತು ಅಲ್ಲಿಗೇ ನಿಂತಿತು.

ಮೇ ತಿಂಗಳಲ್ಲಿ ಅಲ್ಮಾಸಬಿಗೆ ಎರಡನೆಯ ಹೆರಿಗೆಯಾಯಿತು. ಮೋತಿಬಿ ಶಿರಹಟ್ಟಿಗೆ ಹೋಗಿ ನಲವತ್ತು ದಿನ ಬಾಣಂತನ ಮಾಡಿ ಬಂದಳು. ಬಂದಾಗ ಕುಪ್ಪಸ ತೋಳಿನಲ್ಲಿ ಸಡಿಲವಾಗಿತ್ತು. ಮಗಳ ಮನೆಯಲ್ಲಿ ದುಡಿದು ಬಂದಿದ್ದಾಳೆ, ಇಲ್ಲಿ ಉಂಡರೆ ಸರಿಹೋಗುತ್ತದೆ ಎಂದು ಅವನು ತಿಳಿದ. ಆಗಸ್ಟಿನ ಒಂದು ಬೆಳಗ್ಗೆ ಅವಳು ಹತ್ತಿ ಬಿಡಿಸುತ್ತ ಕೆಮ್ಮಿದಳು. ಅವನು ಗುಂಡು ಹೊಡೆಯುತ್ತಲೇ ಇದ್ದ. ಮುಂದಿನ ಹತ್ತಿ ಬರಲಿಲ್ಲವೆಂದು ಕೈ ಹಿಂದೆ ಚಾಚಿದ. ಆಗಲೂ ಬರಲಿಲ್ಲ. ತಿರುಗಿ ನೋಡಿದರೆ ಅವಳ ಮಡಿಲಲ್ಲಿದ್ದ ಹತ್ತಿಯೆಲ್ಲ ಕೆಂಪಾಗಿತ್ತು.

ಅವನು ಅವಳನ್ನು ಟಾಂಗಾದಲ್ಲಿ ಹಾಕಿಕೊಂಡು ಮಿಶನ್ ದವಾಖಾನೆಗೆ ಓಡಿದ. ಡಾಕ್ಟರು ಎದೆಯ ಫೋಟೋ ತೆಗೆಸಿ ಎರಡೂ ಶ್ವಾಸಕೋಶ ಕ್ಷಯಕ್ಕೆ ತುತ್ತಾಗಿವೆ ಎಂದರು. ಮದ್ದು ಇದೆ, ಆದರೆ ಮದ್ದು ಹಿಡಿಯುವಷ್ಟು ಶಕ್ತಿ ಅವಳಲ್ಲಿ ಉಳಿದಿಲ್ಲ, ಚಳಿಗಾಲದಲ್ಲೇ ಬಂದಿದ್ದರೆ ಬದುಕುತ್ತಿದ್ದಳು ಎಂದರು. ಆ ಮಾತು ಹೇಳುವಾಗ ಊರ್ಸುಲಾ ಅಲ್ಲೇ ನಿಂತಿದ್ದಳು. ಅವಳು ಫಕ್ರುಸಾಬನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಮೋತಿಬಿ ವಾರ್ಡಿನಲ್ಲಿ ಇಪ್ಪತ್ತೆರಡು ದಿನ ಇದ್ದಳು. ಫಕ್ರುಸಾಬನಿಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ. ಕಾಟಿನ ಪಕ್ಕದ ಸ್ಟೂಲಿನ ಮೇಲೆ ಅವಳ ಮುಖಕ್ಕೆ ಮುಖ ಮಾಡಿ ಕೂತ. ಹಗಲೆಲ್ಲ ನೋಡಿದ. ಕಣ್ಣ ಕೆಳಗೆ, ಬಾಯ ಸುತ್ತ, ಕೊರಳಿನ ಗುಳಿಯಲ್ಲಿ ಆ ಮುದುಕಿ ಹಚ್ಚಿದ್ದ ಬಣ್ಣ ಒಂದೊಂದಾಗಿ ಅವನಿಗೂ ಕಂಡಿತು.

ಒಂದು ದಿನ ಅವಳು ಕಣ್ಣು ತೆರೆದು, “ಏನ ನೋಡ್ತೀರಿ ಹಂಗ?” ಎಂದಳು.

“ಏನಿಲ್ಲ.”

“ನನಗ ನಾಚಿಕಿ ಬರತೈತಿ.” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮತ್ತೆ ಅಂದಳು: “ಇರಲಿ, ನೋಡ್ರಿ.”

ರಂಜಾನ್ ಹಿಡಿಯಲು ಎರಡು ದಿನವಿದ್ದಾಗ ಅವಳು ತೀರಿಕೊಂಡಳು. ಕೂಸನ್ನು ಎತ್ತಿಕೊಂಡು ಬಂದ ಅಲ್ಮಾಸಬಿಗೆ ಫಕ್ರುಸಾಬ, ಬೇನೆ ಒಮ್ಮೆಲೇ ಬಂತು, ಯಾರಿಗೂ ಗೊತ್ತಾಗಲಿಲ್ಲ ಎಂದು ಹೇಳಿದ. ಅವಳು ನಂಬಿದಳು. ಒಂಬತ್ತು ವರ್ಷ ಅದೇ ಮಾತು ನಿಂತಿತು.

ಮೋತಿಬಿಯ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಗದಗಿನ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಳ್ಳಬೇಕು ಎಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ. ವರುಷ ತುಂಬುವ ಹೊತ್ತಿಗೆ ಫಕ್ರುಸಾಬನಿಗೆ ಒಂದು ಹೆದರಿಕೆ ಹತ್ತಿತು. ಅವಳ ಕೆಮ್ಮು ಕಿವಿಯಲ್ಲಿತ್ತು, ಬಳೆಯ ಸದ್ದಿತ್ತು, ಹತ್ತಿ ನೂಕುವ ಕೈ ಬೆನ್ನಿಗೆ ತಾಕಿದ್ದು ನೆನಪಿತ್ತು. ಮುಖ ಮಾತ್ರ ಬರುತ್ತಿರಲಿಲ್ಲ. ವಾರ್ಡಿನ ಇಪ್ಪತ್ತೆರಡು ದಿನ ನೋಡಿದ್ದು ಸಾಯುವವಳ ಮುಖ. ಅದರ ಹಿಂದಿನದನ್ನು ಹುಡುಕಿದರೆ ಗೋಡೆ ಕಾಣುತ್ತಿತ್ತು.

ಅವನು ಊರ್ಸುಲಾಳ ಹತ್ತಿರ ಹೋಗಿ ಆ ಚಿತ್ರವನ್ನು ಈಗ ಕೇಳಿದರೆ ಕೊಡುತ್ತಾರೆಯೇ ಎಂದು ಕೇಳಿದ. ಅವಳು ಅಂದೇ ಪತ್ರ ಬರೆದಳು. ಹೆರ್ತಾಗೆ ಅರ್ಧಾಂಗವಾಯುವಾಗಿದೆ, ಚಿತ್ರಗಳೆಲ್ಲ ಯಾರ ಯಾರ ಕೈಯಲ್ಲೋ ಇವೆ ಎಂದು ಎರಡು ತಿಂಗಳಿಗೆ ಉತ್ತರ ಬಂತು. ಮರುವರ್ಷ ಮುದುಕಿ ಸತ್ತಳೆಂದು ಊರ್ಸುಲಾ ತಾನೇ ಪಿಂಜಾರ ಓಣಿಗೆ ಬಂದು ಹೇಳಿದಳು. ೧೯೭೮ರಲ್ಲಿ ಅವಳೂ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದಳು. ಹೋಗುವಾಗ, ಹುಡುಕುತ್ತೇನೆ ಎಂದಳು. ಫಕ್ರುಸಾಬ ಆಸೆ ಇಟ್ಟುಕೊಳ್ಳಲಿಲ್ಲ. ಅಷ್ಟರಲ್ಲಿ ಗದಗಿಗೆ ಹತ್ತಿ ಹಿಂಜುವ ಮಶಿನ್ ಬಂತು. ಬಿಲ್ಲಿಗೆ ಕರೆಯುವವರು ಕಡಿಮೆಯಾದರು. ಅವನು ಒಬ್ಬನೇ ಸಣ್ಣ ಪುಟ್ಟ ಹೊಲಿಗೆ ಮಾಡುತ್ತ ಉಳಿದ. ಮೋತಿಬಿ ಹಾಕುತ್ತಿದ್ದ ಹೊಲಿಗೆ ಅವನ ಕೈಗೆ ಕೊನೆಗೂ ನೇರವಾಗಿ ಹತ್ತಲಿಲ್ಲ.

೧೯೮೩ರ ಡಿಸೆಂಬರಿನಲ್ಲಿ ದವಾಖಾನೆಯ ಕಂಪೌಂಡರ್ ಪುಂಡಲೀಕಪ್ಪ ಅವನನ್ನು ಕರೆಸಿದ. ಜರ್ಮನಿಯಿಂದ ಒಂದು ಪಾರ್ಸೆಲ್ ಬಂದಿತ್ತು. ಒಳಗೆ ದಪ್ಪ ಹಾಳೆಯ ಒಂದು ಪುಸ್ತಕ, ಜೊತೆಗೆ ಊರ್ಸುಲಾ ಕನ್ನಡದಲ್ಲೇ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದ ಪತ್ರ. ಫಕ್ರುಸಾಬನಿಗೆ ಓದು ಬರುತ್ತಿರಲಿಲ್ಲ. ಪುಂಡಲೀಕಪ್ಪ ಓದಿ ಹೇಳಿದ. ಹೆರ್ತಾಳ ಚಿತ್ರಗಳನ್ನು ಕೂಡಿಸಿ ಅವರ ಊರಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಮಾಡಿದ್ದರು. ಈ ಪುಸ್ತಕ ಆಗಿನದು. ಮೋತಿಬಿಯ ಚಿತ್ರ ಈಗ ಅಲ್ಲಿಯೇ ಇದೆ. ನೀರಿನ ಬಣ್ಣವನ್ನು ಬೆಳಕು ತಿಂದುಬಿಡುತ್ತದೆ, ಅದಕ್ಕೆ ಅಂಥ ಚಿತ್ರಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ಎಷ್ಟೋ ವರ್ಷಕ್ಕೊಮ್ಮೆ ನಾಲ್ಕು ವಾರ ಹೊರಗೆ ತೆಗೆಯುತ್ತಾರೆ. ಮಾರುವುದಿಲ್ಲ, ಕೊಡುವುದಿಲ್ಲ. ಪುಸ್ತಕದ ಕೆಲವೇ ಪುಟ ಬಣ್ಣದಲ್ಲಿ ಅಚ್ಚಾಗಿವೆ, ಮೋತಿಬಿಯ ಪುಟ ಅವುಗಳಲ್ಲಿಲ್ಲ, ಅದು ಕಪ್ಪು ಬಿಳುಪು, ಅದಕ್ಕೆ ತನ್ನನ್ನು ಮನ್ನಿಸಬೇಕು ಎಂದು ಊರ್ಸುಲಾ ಬರೆದಿದ್ದಳು.

ಪುಂಡಲೀಕಪ್ಪ ಪುಟ ತೆಗೆದು ಮುಂದಿಟ್ಟ. ಕೆಳಗೆ ಜರ್ಮನ್ ಅಕ್ಷರದಲ್ಲಿ ಒಂದು ಸಾಲಿತ್ತು. ಅದರ ಪಕ್ಕ ಊರ್ಸುಲಾ ಪೆನ್ಸಿಲಿನಲ್ಲಿ ಕನ್ನಡ ಬರೆದಿದ್ದಳು: ಹತ್ತಿಯ ನಡುವೆ ಕೂತ ಹೆಂಗಸು, ಬೆಟಗೇರಿ.

ಕಪ್ಪು ಬಿಳುಪಿನಲ್ಲಿ ಹತ್ತಿ ಹತ್ತಿಯ ಹಾಗೇ ಬೆಳ್ಳಗಿತ್ತು. ಮೋತಿಬಿಯ ಮುಖ ತಿಳಿ ಬೂದು, ನೆರಳಿನಲ್ಲಿ ಕೂತವರ ಮುಖದ ಹಾಗೆ. ಅರೆ ತೆರೆದ ಬಾಯಿ ಏನೋ ಹೇಳಲು ಹೊರಟಂತಿತ್ತು. ಮೂಗಿನ ಎಡಕ್ಕೆ ಇದ್ದ ಮಚ್ಚೆಯನ್ನೂ ಮುದುಕಿ ಬಿಟ್ಟಿರಲಿಲ್ಲ. ಅದೊಂದನ್ನು ಅವನು ಪೂರ್ತಿ ಮರೆತೇ ಬಿಟ್ಟಿದ್ದ. ಕಂಪೌಂಡರನ ಬೆಂಚಿನ ಮೇಲೆ ಕೂತು ಅವನು ಅತ್ತ. ಪುಂಡಲೀಕಪ್ಪ ಎದ್ದು ಬಾಗಿಲು ಮುಂದಕ್ಕೆ ಎಳೆದು ಹೊರಗೆ ಹೋಗಿ ನಿಂತ.

ಆ ವಾರವೇ ಅಲ್ಮಾಸಬಿ ಸುದ್ದಿ ಕೇಳಿ ಶಿರಹಟ್ಟಿಯಿಂದ ಬಂದಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು, ಬೆರಳು ತಾಕಿಸಲು ಹೆದರಿ ಗಾಳಿಯಲ್ಲೇ ಮುಖ ಸವರಿದಳು.

“ಅವ್ವ ಎಷ್ಟ ಚಂದ ಕಾಣತಾಳಪಾ.”

ಫಕ್ರುಸಾಬ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವುದು ಅವನಿಂದ ಆಗಲಿಲ್ಲ.

“ಬಣ್ಣ ಇಲ್ಲದ್ದಕ್ಕ ಹಂಗ ಕಾಣತಾಳ ಯವ್ವಾ,” ಎಂದ. “ಆವತ್ತ ಆಕಿ ಮಾರಿಗಿ ಹಸರ ಹಚ್ಚಿದ್ರು. ಆ ಮುದುಕಿಗಿ ನಿಮ್ಮವ್ವನ ಬ್ಯಾನಿ ಕಂಡಿತ್ತು. ಸೋಮವಾರ ದವಾಖಾನಿಗಿ ಬಾ ಅಂದಿದ್ರು.”

ಅಲ್ಮಾಸಬಿ ತಲೆ ಎತ್ತಿದಳು. “ಯಾವಾಗ?”

“ಆ ವರ್ಷನ. ಫೆಬ್ರವರಿದಾಗ.”

“ನೀ ಕರಕೊಂಡ ಹೋಗಲಿಲ್ಲ.”

“ಇಲ್ಲ.”

ಅವನು ಉಳಿದದ್ದನ್ನೂ ಹೇಳಿದ. ನಗೆ ಬಂದದ್ದು, ಚಿತ್ರ ಬೇಡವೆಂದದ್ದು, ಲಕ್ಷ್ಮೇಶ್ವರದ ಬಸ್ಸು, ಡಾಕ್ಟರು ಅಂದ ಮಾತು. ಅವಳು ಎಲ್ಲ ಕೇಳಿದಳು. ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟಳು. ಒಲೆಯ ಮೇಲೆ ಅವಳೇ ಇಟ್ಟಿದ್ದ ಅನ್ನ ಕುದಿಯುತ್ತಿತ್ತು. ಅದನ್ನು ಇಳಿಸಿ, ಬಸಿದು, ಅಪ್ಪನಿಗೆ ಮುಚ್ಚಿಟ್ಟು, ತಾನು ಉಣ್ಣದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಐದು ತಿಂಗಳು ಅವಳಿಂದ ಸುದ್ದಿಯಿಲ್ಲ. ಫಕ್ರುಸಾಬ ಎರಡು ಸಲ ಶಿರಹಟ್ಟಿಗೆ ಹೋದ. ಅಳಿಯ ದಾದಾಪೀರ ಕುರ್ಚಿ ಹಾಕಿ, ಚಹಾ ತರಿಸಿ ಮಾತಾಡಿಸಿದ. ಅಲ್ಮಾಸಬಿ ಒಳಗಿನಿಂದ ಹೊರಗೆ ಬರಲಿಲ್ಲ. ಮೂರನೆಯ ಸಲ ಅವನು ಹೋಗಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಅವಳೇ ಬಂದಳು. ಕೈಯಲ್ಲಿ ಹೂವಿನ ಪೊಟ್ಟಣವಿತ್ತು. ಬಾಗಿಲಲ್ಲೇ ಚೌಕಟ್ಟಿಗೆ ಒರಗಿ ಕೂತು, ಅಪ್ಪನ ಕಡೆ ನೋಡದೆ ಮಾತು ತೆಗೆದಳು.

“ನನ್ನ ಬಾಣಂತನಕ್ಕ ಬಂದಾಗ ಅವ್ವ ಕೊಡ ಹೊತಕೊಂಡ ಬರೂ ದಾರ್ಯಾಗ ಮೂರ ಸಲ ಕುಂಡರತಿದ್ಲು. ಹಾಸಿಗ್ಯಾಗ ಮಲಗಿದ್ರ ನನಗ ಬಾಗಲದಾಗ ಕಾಣತಿತ್ತು. ನಲವತ್ತ ದಿನ ಕಂಡೀನಿ ಅಪ್ಪಾ. ಒಂದ ಸಲನೂ ಯಾಕ ಕುಂಡರತಿ ಅಂತ ಕೇಳಲಿಲ್ಲ. ನೀರ ಯಾಕ ತಡಾ ಆತು ಅಂತ ಬೈದೀನಿ.”

ಬಾಣಂತಿಗೆ ಏನು ತಿಳಿಯುತ್ತದೆ ಎಂದು ಫಕ್ರುಸಾಬ ಅನ್ನಬಹುದಿತ್ತು. ಅದನ್ನು ಅವಳು ಈ ಐದು ತಿಂಗಳು ತನಗೆ ತಾನೇ ಹೇಳಿಕೊಂಡು ಸೋತೇ ಬಂದಿರಬೇಕು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವನು ಎದ್ದು ಒಂದು ತಂಬಿಗೆ ನೀರು ತಂದು ಕೊಟ್ಟ. ಅವಳು ಕುಡಿದಳು. ಆಮೇಲೆ, ಅವ್ವನ ಮಣ್ಣಿಗೆ ಹೂವು ಹಾಕಿ ಬರೋಣ ಎಂದಳು.

ಇಬ್ಬರೂ ಊರ ಹೊರಗಿನ ಖಬರಸ್ತಾನಕ್ಕೆ ನಡೆದರು. ಹೆಂಗಸರು ಒಳಗೆ ಹೋಗುವ ರೂಢಿಯಿರಲಿಲ್ಲ. ಅಲ್ಮಾಸಬಿ ಮೊಳಕಾಲೆತ್ತರದ ಕಲ್ಲುಗೋಡೆಯ ಆಚೆ ನಿಂತು ಹೂವಿನ ಪೊಟ್ಟಣ ಅಪ್ಪನ ಕೈಗೆ ಕೊಟ್ಟಳು. ಫಕ್ರುಸಾಬ ಒಳಗೆ ಹೋದ. ಮೊದಲ ಎರಡು ಮೂರು ವರ್ಷ ಅವನು ತಪ್ಪದೆ ಬರುತ್ತಿದ್ದ. ಆಮೇಲೆ ಮಂಡಿನೋವು, ಇನ್ನೊಂದು ಎಂದು ಬಿಟ್ಟುಹೋಗಿತ್ತು. ಬಡವರ ಗೋರಿಗಳಿಗೆ ಅಲ್ಲಿ ಹೆಸರಿನ ಕಲ್ಲಿಲ್ಲ, ತಲೆಯ ಕಡೆಗೊಂದು ಕಾಡುಗಲ್ಲು ಅಷ್ಟೇ. ಎಷ್ಟೋ ಮಳೆಗೆ ಮಣ್ಣು ಇಳಿದಿತ್ತು, ಜಾಲಿ ಬೆಳೆದಿತ್ತು. ಬೇವಿನ ಮರದಿಂದ ಪೂರ್ವಕ್ಕೆ ನಾಲ್ಕನೆಯದು ಎಂದು ಅವನಿಗೆ ನೆನಪಿತ್ತು. ಎಣಿಸಿದರೆ ಅಲ್ಲಿ ಎರಡು ದಿಬ್ಬಗಳು ಒಂದಕ್ಕೊಂದು ತಾಗಿ ಒಂದೇ ಆದಂತಿದ್ದವು, ಎರಡಕ್ಕೂ ಒಂದೇ ಥರದ ಕಲ್ಲು.

ಅವನು ಒಂದರ ಮುಂದೆ ನಿಂತ. ಮತ್ತೊಂದರ ಮುಂದೆ ನಿಂತ. ಬಾಗಿ ಕಲ್ಲು ಮುಟ್ಟಿ ನೋಡಿದ. ಗೋಡೆಯಾಚೆಯಿಂದ ಮಗಳು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಪೊಟ್ಟಣ ಬಿಚ್ಚಿ, ಹೂವನ್ನು ಎರಡು ಪಾಲು ಮಾಡಿ, ಎರಡರ ಮೇಲೂ ಹಾಕಿ, ಎರಡರ ನಡುವೆ ನಿಂತು ಕೈಯೆತ್ತಿ ಫಾತಿಹಾ ಪ್ರಾರ್ಥನೆ ಹೇಳಿದ.

ಅವನು ಹೊರಗೆ ಬಂದಾಗ ಅಲ್ಮಾಸಬಿ ಯಾವುದು ಎಂದು ಕೇಳಲಿಲ್ಲ. ಸೆರಗಿನಿಂದ ಅವನ ಕೈಗೆ ಹತ್ತಿದ್ದ ಮಣ್ಣು ಒರೆಸಿದಳು. ಬಿಸಿಲು ಏರಿತ್ತು. ಅವಳಿಗೆ ಹನ್ನೊಂದರ ಬಸ್ಸು ಹಿಡಿಯಬೇಕಿತ್ತು, ಇಬ್ಬರೂ ಸ್ಟ್ಯಾಂಡಿನ ಕಡೆ ನಡೆದರು.